ಚೌಕದೊಳಗಿನ ಅಕ್ಷರ: ಇಂಗ್ಲಿಷ್ ಪದವೈಚಿತ್ರ್ಯ ಮತ್ತು ಕನ್ನಡ ಪದಬಂಧ

ಸಾರಾಂಶ: ಇಂಗ್ಲಿಷಿನ ಪದಭಂಡಾರ ವಿಚಿತ್ರವಾದುದರಿಂದ ಅಲ್ಲಿ ಪದಕ್ರೀಡೆ ಬೆಳೆಯಿತು, ಕನ್ನಡ ನುಡಿದಂತೆ ಬರೆಯುವ ಭಾಷೆಯಾದುದರಿಂದ ಇಲ್ಲಿ ಅದಕ್ಕೆ ಎಡೆಯಿಲ್ಲ ಎಂಬ ರೂಢಿಯ ಅಭಿಪ್ರಾಯವನ್ನು ಈ ಲೇಖನ ಪರಿಶೀಲಿಸುತ್ತದೆ. ಆ ವೈಚಿತ್ರ್ಯಗಳಲ್ಲಿ ಹೆಚ್ಚಿನವು ಬರವಣಿಗೆಗೆ ಸೇರಿದವು, ಪದಭಂಡಾರಕ್ಕಲ್ಲ. ಕನ್ನಡ ಪದಬಂಧದ ಬಡತನಕ್ಕೆ ಕಾರಣ ಭಾಷೆಯಲ್ಲ, ಸುಳಿವು ಕಟ್ಟುವ ಕ್ರಮ. ಕೋಲಾರ ಸೀಮೆಯ ಕೆಲವು ಪದಗಳನ್ನು ಮುಂದಿಟ್ಟುಕೊಂಡು ಅಕ್ಷರ, ಉಚ್ಚಾರಾಂಶ ಮತ್ತು ಪ್ರಾಸಗಳ ಸಂಬಂಧವನ್ನು ಇಲ್ಲಿ ಚರ್ಚಿಸಲಾಗಿದೆ.

ಕೀಲಿಪದಗಳು: ಪದಬಂಧ, ಅಕ್ಷರ, ಉಚ್ಚಾರಾಂಶ, ಆದಿಪ್ರಾಸ, ಸಂಧಿ, ಕೋಲಾರದ ಬಹುಭಾಷಿಕತೆ

ಇಂಗ್ಲಿಷಿನ ವಿಚಿತ್ರಗಳನ್ನು ಕುರಿತ ಬರಹಗಳು ಕನ್ನಡದ ವಾರಪತ್ರಿಕೆಗಳಿಗೂ ಶಾಲೆಯ ಭಿತ್ತಿಪತ್ರಿಕೆಗಳಿಗೂ ಹೊಸವಲ್ಲ. ಬಟ್ ಮತ್ತು ಪುಟ್ ಎಂಬೆರಡು ಪದಗಳಲ್ಲಿ ಒಂದೇ ಸ್ವರಚಿಹ್ನೆ ಎರಡು ಬಗೆಯಾಗಿ ನುಡಿಯುವುದೇಕೆ ಎಂಬ ಪ್ರಶ್ನೆಯಿಂದ ಅವು ತೊಡಗುತ್ತವೆ. 1975ರ ಹಿಂದಿ ಚಿತ್ರ ‘ಚುಪ್ಕೆ ಚುಪ್ಕೆ’ ಇದೇ ಬಗೆಯ ಹಾಸ್ಯವನ್ನು ಮನೆಮನೆಗೆ ಮುಟ್ಟಿಸಿತು. ಮೀನು ಎಂಬರ್ಥದ ಫಿಶ್ ಪದವನ್ನು ಜಿ, ಎಚ್, ಓ, ಟಿ, ಐ ಎಂದು ಬರೆಯಬಹುದೆಂಬ ಕುಚೋದ್ಯವನ್ನು ಬರ್ನಾರ್ಡ್ ಷಾ ಹೆಸರಿಗೆ ಅಂಟಿಸುವುದು ವಾಡಿಕೆ. ಆದರೆ ಅದು 1855ರಷ್ಟು ಹಿಂದೆಯೇ ಚಾರ್ಲ್ಸ್ ಆಲಿಯರ್ ಕವಿ ಲೀ ಹಂಟ್‌ಗೆ ಬರೆದ ಪತ್ರದಲ್ಲಿ ಸಿಗುತ್ತದೆ. ಆಗ ಷಾ ಇನ್ನೂ ಹುಟ್ಟಿರಲಿಲ್ಲ. ಇಂಥ ಬರಹಗಳು ಸಾಮಾನ್ಯವಾಗಿ ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ಇಂಗ್ಲಿಷ್ ಹುಚ್ಚು ಭಾಷೆ, ಕನ್ನಡ ಶಿಸ್ತಿನ ಭಾಷೆ. ಈ ಮಾತಿನ ಬೆನ್ನಿಗೇ ಇನ್ನೊಂದು ಊಹೆಯೂ ಅಡಗಿದೆ. ಹುಚ್ಚಿರುವಲ್ಲಿ ಆಟ ಹುಟ್ಟುತ್ತದೆ, ಶಿಸ್ತಿರುವಲ್ಲಿ ಪದಬಂಧವು ಸಮಾನಾರ್ಥಕಗಳ ಪಟ್ಟಿಯಾಗಿ ಉಳಿಯುತ್ತದೆ ಎಂಬುದೇ ಆ ಊಹೆ. ಸಂಶೋಧನ ವಿದ್ಯಾರ್ಥಿಗಳ ಪ್ರಬಂಧಗಳಲ್ಲೂ ಇದು ಪ್ರಶ್ನೆಗೊಳಗಾಗದೆ ನುಸುಳಿಬಿಡುತ್ತದೆ.

ಇದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ: ಆ ವಿಚಿತ್ರಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದು ನೋಡುವುದು. ಸಾಲಿನಲ್ಲಿ ನಿಲ್ಲುವುದಕ್ಕೆ ಇಂಗ್ಲಿಷರು ಐದು ಅಕ್ಷರ ಬಳಸುತ್ತಾರೆ, ಅವುಗಳಲ್ಲಿ ಕೊನೆಯ ನಾಲ್ಕೂ ಸ್ವರಗಳು. ಕನ್ನಡದಲ್ಲಿ ಅದು ‘ಕ್ಯೂ’, ಒಂದೇ ಅಕ್ಷರ, ಪದಬಂಧದ ಒಂದೇ ಚೌಕ. ಒಂದೇ ಸ್ವರವಿರುವ ಒಂಬತ್ತಕ್ಷರದ ಪದವೆಂದು ಅವರು ಬೆರಗಿನಿಂದ ತೋರಿಸುವುದು ‘ಸ್ಟ್ರೆಂಗ್ತ್ಸ್’. ನಮ್ಮ ಲೆಕ್ಕದಲ್ಲಿ ಎರಡು ಚೌಕ, ಎರಡನೆಯದರಲ್ಲಿ ಸ್ವರವೇ ಇಲ್ಲ. ಹದಿನೈದು ಅಕ್ಷರಗಳಲ್ಲಿ ಒಂದೂ ಮರುಕಳಿಸದ ಪದವೆಂದು ಹೆಸರಾದ ‘ಅನ್‌ಕಾಪಿರೈಟಬಲ್’ ಕನ್ನಡಕ್ಕೆ ಬಂದೊಡನೆ ಸಾಮಾನ್ಯ ಪದವಾಗಿಬಿಡುತ್ತದೆ, ಏಕೆಂದರೆ ಕನ್ನಡದ ಉದ್ದದ ಪದಗಳಲ್ಲಿ ಅಕ್ಷರ ಮರುಕಳಿಸದಿರುವುದು ವಿಶೇಷವೇನಲ್ಲ. ಲಿಪಿ ಬದಲಾದೊಡನೆ ಕರಗಿಹೋಗುವ ವಿಚಿತ್ರವನ್ನು ಪದಭಂಡಾರದ ಲಕ್ಷಣವೆನ್ನಲಾಗದು. ನಾವು ಇಂಗ್ಲಿಷ್ ಪದಗಳ ಹುಚ್ಚೆಂದು ನಗುವುದು ಬಹುಪಾಲು ಇಂಗ್ಲಿಷ್ ಬರವಣಿಗೆಯ ಇತಿಹಾಸವನ್ನು.

ಹಾಗಾದರೆ ಕನ್ನಡ ಬರವಣಿಗೆಗೆ ತನ್ನದೇ ವಿಚಿತ್ರಗಳಿಲ್ಲವೆ? ಇವೆ. ಅವು ಪದಬಂಧದ ಚೌಕದೊಳಗೆ ಕುಳಿತಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮಾಸ್ತಿ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಮಾಲೂರು ತಾಲ್ಲೂಕಿನ ಈ ಊರು ಕನ್ನಡ ಓದುಗರಿಗೆ ಒಬ್ಬ ಲೇಖಕರ ಹೆಸರಾಗಿಯೇ ಹೆಚ್ಚು ಪರಿಚಿತ. ಪದಬಂಧದಲ್ಲಿ ಇದು ಎರಡು ಚೌಕ: ಮಾ, ಸ್ತಿ. ಆದರೆ ನುಡಿಯುವಾಗ ಉಚ್ಚಾರಾಂಶ ಒಡೆಯುವುದು ‘ಮಾಸ್’ ಮತ್ತು ‘ತಿ’ ಎಂದು. ಸಕಾರವು ಕಿವಿಗೆ ಮೊದಲ ತುಂಡಿಗೆ ಸೇರಿದ್ದು, ಕಣ್ಣಿಗೆ ಎರಡನೆಯದಕ್ಕೆ. ‘ವರ್ಷ’ದಲ್ಲಿ ಇದು ಇನ್ನೂ ಸ್ಪಷ್ಟ, ಅಲ್ಲಿ ರೇಫ ನುಡಿಯುವುದು ವಕಾರದ ಬೆನ್ನಿಗೆ, ಅರ್ಕಾವೊತ್ತಾಗಿ ಬರೆಯುವುದು ಷಕಾರದ ಬಲಕ್ಕೆ. ಅನುಸ್ವಾರ ಮಾತ್ರ ಈ ನಿಯಮವನ್ನು ಮುರಿಯುತ್ತದೆ. ‘ಅಂಬುಜ’ವನ್ನು ನಾವು ಅಂ, ಬು, ಜ ಎಂದು ಮೂರು ಚೌಕಗಳಲ್ಲಿ ತುಂಬುತ್ತೇವೆ, ಅನುನಾಸಿಕ ಎಡ ಚೌಕದಲ್ಲೇ ಉಳಿಯುತ್ತದೆ. ಅದನ್ನೇ ‘ಅಮ್ಬುಜ’ ಎಂದು ಬರೆದಿದ್ದರೆ ಚೌಕಗಳು ಅ, ಮ್ಬು, ಜ ಎಂದಾಗುತ್ತಿದ್ದವು. ಚೌಕಗಳ ಸಂಖ್ಯೆ ಮೂರೇ, ಉಚ್ಚಾರವೂ ಒಂದೇ, ಆದರೆ ಮೊದಲೆರಡು ಚೌಕಗಳೊಳಗಿನದು ಬೇರೆ. ಹಾಗಾಗಿ ಪದಬಂಧದ ಚೌಕ ಧ್ವನಿಮೆಯೂ ಅಲ್ಲ, ಉಚ್ಚಾರಾಂಶವೂ ಅಲ್ಲ. ಅನುಸ್ವಾರ ಬಂದಾಗ ಅದು ಉಚ್ಚಾರಾಂಶದೊಡನೆ ಹೊಂದುತ್ತದೆ, ಒತ್ತಕ್ಷರ ಬಂದಾಗ ಅದರಿಂದ ಬೇರ್ಪಡುತ್ತದೆ. ನುಡಿದಂತೆ ಬರೆಯುತ್ತೇವೆಂದು ಹೆಮ್ಮೆಪಡುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಕನ್ನಡ ಓದು ಕಲಿಯುವ ಮಕ್ಕಳಿಗೆ ಅಕ್ಷರಗಳ ಮೇಲೆ ಹಿಡಿತ ಸಿಗಲು ವರ್ಷಗಳೇ ಬೇಕಾಗುತ್ತವೆ, ಧ್ವನಿಮೆಯ ಅರಿವು ಅವರಲ್ಲಿ ನಿಧಾನವಾಗಿ ಮೂಡುತ್ತದೆ ಎಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದ್ದು ಇದಕ್ಕೆ ಹತ್ತಿರದ ವಿಷಯ.

ಅಕ್ಷರವೇ ಆಟದ ಕಾಯಿಯಾದಾಗ ಆಟದ ಸ್ವರೂಪವೂ ಬದಲಾಗುತ್ತದೆ. ಇಂಗ್ಲಿಷ್ ಚೌಕವೊಂದರಲ್ಲಿ ಕೂರಬಲ್ಲವು 26 ಚಿಹ್ನೆಗಳು. ಕನ್ನಡದಲ್ಲಿ 34 ವ್ಯಂಜನಗಳಿಗೆ ತಲಾ 15 ರೂಪಗಳ ಕಾಗುಣಿತವನ್ನಷ್ಟೇ ಎಣಿಸಿದರೂ 510 ಆಗುತ್ತವೆ. ಸ್ವರಗಳೂ ಒತ್ತಕ್ಷರಗಳೂ ಈ ಲೆಕ್ಕದಿಂದ ಹೊರಗಿವೆ. ಎಲ್ಲ ಚಿಹ್ನೆಗಳೂ ಸಮನಾಗಿ ಬರುತ್ತವೆಂದು ಭಾವಿಸಿದರೆ ಇಂಗ್ಲಿಷಿನ ಒಂದು ಅಡ್ಡಹಾಯುವ ಚೌಕ ಸುಮಾರು 4.7 ಬಿಟ್ ಮಾಹಿತಿ ಕೊಡುತ್ತದೆ, ಕನ್ನಡದ ಒಂದು ಚೌಕ ಸುಮಾರು 9 ಬಿಟ್. ವಾಸ್ತವದಲ್ಲಿ ಅವು ಸಮನಾಗಿ ಬರುವುದಿಲ್ಲ, ಆದ್ದರಿಂದ ಈ ಅಂಕಿಗಳನ್ನು ಮೇಲ್ಮಿತಿಯೆಂದಷ್ಟೇ ಓದಬೇಕು. ಆದರೂ ಅವುಗಳ ದಿಕ್ಕು ಸರಿಯಾಗಿದೆ. ಕನ್ನಡ ಪದಬಂಧವನ್ನು ಕಟ್ಟುವುದು ಕಷ್ಟ, ಏಕೆಂದರೆ ಅಡ್ಡಸಾಲಿಗೂ ಕೆಳಸಾಲಿಗೂ ಕೂಡುವ ಚೌಕದಲ್ಲಿ ವ್ಯಂಜನ, ಸ್ವರ, ಒತ್ತು ಎಲ್ಲವೂ ಒಂದೇ ಆಗಿರಬೇಕು. ಬಿಡಿಸುವುದು ಮಾತ್ರ ಅಷ್ಟೇ ಸುಲಭವಾಗಬೇಕು, ಏಕೆಂದರೆ ದೊರೆತ ಒಂದೊಂದು ಅಕ್ಷರವೂ ಎರಡು ಇಂಗ್ಲಿಷ್ ಅಕ್ಷರಗಳಷ್ಟು ಹೇಳುತ್ತದೆ. ಕಟ್ಟುವವರನ್ನು ದ್ರಾವಿಡ ಪದರಚನೆಯ ನಿಯಮಗಳೂ ಕಾಡುತ್ತವೆ. ಯಾವ ಕನ್ನಡ ಪದವೂ ಣಕಾರ ಅಥವಾ ಳಕಾರದಿಂದ ತೊಡಗುವುದಿಲ್ಲ. ಹಾಗಾಗಿ ‘ಗಳು’ ಎಂದು ಮುಗಿಯುವ ಬಹುವಚನದ ಕೊನೆಯ ಚೌಕದಿಂದ ಇನ್ನೊಂದು ಪದ ಹೊರಡಲಾರದು. ಬಹುವಚನ ಬಂದಲ್ಲಿ ಆ ಮೂಲೆ ಮುಚ್ಚಿಕೊಳ್ಳುತ್ತದೆ.

ಹಿಂದುಮುಂದಾಗಿ ಓದುವ ಪದಗಳಲ್ಲಿಯೂ ಇದೇ ಕತೆ. ಕನಕ, ನಯನ, ಕಿಟಕಿ, ಗದಗ, ಮಧ್ಯಮ, ವಿಕಟಕವಿ ಇವೆಲ್ಲ ಎರಡೂ ಕಡೆಯಿಂದ ಒಂದೇ ಆಗಿ ಓದುತ್ತವೆ. ಆದರೆ ‘ಕಿಟಕಿ’ಯನ್ನು ಧ್ವನಿಮುದ್ರಿಸಿ ಹಿಂದಿನಿಂದ ಕೇಳಿದರೆ ‘ಇಕಟಿಕ್’ ಎಂಬಂತೆ ಕೇಳಿಸೀತು. ಕನ್ನಡದ ವಿಲೋಮ ಕಣ್ಣಿನ ವಿಲೋಮ. ನದಿಯನ್ನು ತಿರುಗಿಸಿದರೆ ದಿನ, ದಾಸನನ್ನು ತಿರುಗಿಸಿದರೆ ಸದಾ, ಜರಾವನ್ನು ತಿರುಗಿಸಿದರೆ ರಾಜ. ಅಕ್ಷರವನ್ನು ಒಡೆಯದಿದ್ದರೆ ಮಾತ್ರ ಈ ಆಟ ನಡೆಯುತ್ತದೆ. ‘ಹಿಂದಕ್ಕೆ ಹರಿದ ಹೊಳೆಯಲ್ಲಿ ಒಂದು ಹಗಲು’ ಎಂಬ ಸುಳಿವಿಗೆ ‘ದಿನ’ ಎಂಬ ಉತ್ತರ ಒಪ್ಪಿಗೆಯಾಗುವುದಾದರೆ, ಶಿಸ್ತಿನ ಭಾಷೆಯಲ್ಲಿ ಆಟಕ್ಕೆ ಎಡೆಯಿಲ್ಲವೆಂಬ ಮಾತು ಅಲ್ಲಿಗೆ ಬಿದ್ದಂತೆಯೇ. (ಈ ಸುಳಿವನ್ನೂ ಮುಂದಿನವನ್ನೂ ಈ ಲೇಖನಕ್ಕಾಗಿ ನಾನೇ ಕಟ್ಟಿದ್ದೇನೆ, ಯಾವ ಪತ್ರಿಕೆಯಿಂದಲೂ ಎತ್ತಿಕೊಂಡಿಲ್ಲ.)

ಈಗ ಪತ್ರಿಕೆಯ ಪದಬಂಧಕ್ಕೆ ಬರೋಣ. ಕನ್ನಡದಲ್ಲಿ ಈ ಪ್ರಕಾರವನ್ನು ದಿನನಿತ್ಯದ ಅಭ್ಯಾಸವಾಗಿಸಿದವರಲ್ಲಿ ಮುಖ್ಯರು ಅ.ನಾ. ಪ್ರಹ್ಲಾದರಾವ್. 1953ರಲ್ಲಿ ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ ಹುಟ್ಟಿದ ಅವರು ಹತ್ತಾರು ಸಾವಿರ ಪದಬಂಧಗಳನ್ನು ರಚಿಸಿದ್ದಾರೆ. ಆ ಸಾಧನೆ ಲಿಮ್ಕಾ ದಾಖಲೆ ಪುಸ್ತಕದಲ್ಲಿಯೂ ಸೇರಿದೆ. ಡಾ. ರಾಜ್‌ಕುಮಾರ್ ಅವರ ಜೀವನಚರಿತ್ರೆ ಬರೆದವರೂ ಅವರೇ. ಚೌಕದ ಬಿಗಿ ಎಷ್ಟೆಂದು ಮೇಲೆ ಕಂಡಿದ್ದೇವೆ. ಅಷ್ಟು ಬಿಗಿಯೊಳಗೆ ಅಷ್ಟು ಸಂಖ್ಯೆಯ ಪದಬಂಧಗಳನ್ನು ಹೊಂದಿಸುವುದಕ್ಕೆ ಬೇಕಾದ ಪದಸಂಪತ್ತನ್ನು ಭಾಷಾವಿಜ್ಞಾನಿಗಳಾದ ನಾವು ಲಘುವಾಗಿ ಕಾಣಬಾರದು. ನಮ್ಮಲ್ಲಿ ಎಷ್ಟು ಜನ ಅದನ್ನು ಅಧ್ಯಯನದ ಸಾಮಗ್ರಿಯಾಗಿ ನೋಡಿದ್ದೇವೆ ಎಂಬ ಪ್ರಶ್ನೆ ನಮಗೇ ಮುಜುಗರ ತರುವಂಥದು.

ನನ್ನ ತಕರಾರು ಯಾವೊಬ್ಬ ರಚನಕಾರರ ಮೇಲೂ ಅಲ್ಲ. ಅದು ಕನ್ನಡ ದಿನಪತ್ರಿಕೆಗಳಲ್ಲಿ ನೆಲೆಗೊಂಡಿರುವ ಸುಳಿವಿನ ರೂಢಿಯ ಮೇಲೆ. ಈ ರೂಢಿಯಲ್ಲಿ ಸುಳಿವು ಬಹುತೇಕ ಒಂದು ಸಮಾನಾರ್ಥಕ ಪದ, ಅದರ ಮುಂದೆ ಅಕ್ಷರಗಳ ಸಂಖ್ಯೆ. ‘ತಾವರೆ (3)’ ಎಂಬ ಸುಳಿವನ್ನು ಊಹಿಸಿಕೊಳ್ಳಿ. ಕೆಳಸಾಲಿನಿಂದ ಕೊನೆಯ ಚೌಕಕ್ಕೆ ‘ಜ’ ದೊರೆತಿದೆ. ಆಗ ಉತ್ತರ ಯಾವುದು? ಅಂಬುಜ, ನೀರಜ, ಸರೋಜ, ಪಂಕಜ, ಜಲಜ, ವಾರಿಜ, ವನಜ. ಏಳೂ ಮೂರಕ್ಷರದವು, ಏಳೂ ಜಕಾರದಲ್ಲಿ ಮುಗಿಯುತ್ತವೆ. ಒಂಬತ್ತು ಬಿಟ್ ಕೊಡಬೇಕಾಗಿದ್ದ ಚೌಕ ಇಲ್ಲಿ ಹೇಳಿದ್ದು ಅತ್ಯಲ್ಪ. ತಪ್ಪು ಕನ್ನಡ ಲಿಪಿಯದಲ್ಲ. ಹುಟ್ಟಿದ್ದು ಎಂಬರ್ಥದ ಒಂದೇ ಸಂಸ್ಕೃತ ಉತ್ತರಪದದಿಂದ ಬೆಳೆದ ಸಮಾನಾರ್ಥಕಗಳ ಗುಂಪನ್ನು ಪದಬಂಧದ ಮುಖ್ಯ ಬಂಡವಾಳ ಮಾಡಿಕೊಂಡದ್ದರಿಂದ ಆದದ್ದು. ಇಂಥ ಸುಳಿವನ್ನು ಬಿಡಿಸುವವರು ಯೋಚಿಸುವುದಿಲ್ಲ, ಕಾಯುತ್ತಾರೆ. ಮೊದಲ ಚೌಕವೋ ನಡುವಿನ ಚೌಕವೋ ತುಂಬುವವರೆಗೆ ಪೆನ್ಸಿಲ್ ಕಿವಿಯ ಮೇಲೆ.

ಇಂಗ್ಲಿಷರು ಈ ತೊಡಕನ್ನು ಹೇಗೆ ದಾಟಿದರೆಂಬುದು ಇಲ್ಲಿ ಪ್ರಸ್ತುತ. ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ನಲ್ಲಿ ಪ್ರಕಟಿಸಿದ ಮೊದಲ ಪದಬಂಧದಲ್ಲಿಯೂ ಸುಳಿವುಗಳು ಬರಿಯ ಅರ್ಥಸೂಚಿಗಳು. ಲಂಡನ್ನಿನ ‘ದ ಟೈಮ್ಸ್’ 1930ರ ಫೆಬ್ರವರಿ 1ರಿಂದ ಪದಬಂಧವನ್ನು ಪ್ರಕಟಿಸತೊಡಗಿತು. ಆ ದಶಕಗಳಲ್ಲಿ ಬ್ರಿಟನ್ನಿನಲ್ಲಿ ಗೂಢ ಸುಳಿವಿನ ಪರಂಪರೆ ಬೆಳೆಯಿತು. ಕ್ಸಿಮೆನೀಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಿ.ಎಸ್. ಮ್ಯಾಕ್‌ನಟ್ 1966ರ ತಮ್ಮ ಪುಸ್ತಕದಲ್ಲಿ ಅದಕ್ಕೊಂದು ನೀತಿಯನ್ನು ರೂಪಿಸಿದರು. ಸುಳಿವಿನಲ್ಲಿ ಅರ್ಥ ಸೂಚಿಸುವ ಒಂದು ಭಾಗವಿರಬೇಕು, ಪದವನ್ನು ಕಟ್ಟಿ ತೋರಿಸುವ ಇನ್ನೊಂದು ಭಾಗವಿರಬೇಕು, ಇವೆರಡರ ಹೊರತು ಮತ್ತೇನೂ ಇರಬಾರದು. ಎರಡು ದಾರಿಗಳೂ ಒಂದೇ ಉತ್ತರಕ್ಕೆ ಮುಟ್ಟುವುದರಿಂದ ಬಿಡಿಸುವವರಿಗೆ ತಮ್ಮ ಉತ್ತರ ಸರಿಯೆಂಬ ಖಾತ್ರಿ ಚೌಕಗಳ ನೆರವಿಲ್ಲದೆಯೂ ಸಿಗುತ್ತದೆ. ಇದಕ್ಕೆ ಇಂಗ್ಲಿಷಿನ ಹುಚ್ಚು ಬೇಕಿಲ್ಲ, ನ್ಯಾಯ ಸಾಕು. ‘ತಾವರೆ (3)’ ಎಂಬುದರ ಬದಲು ‘ಯಾವ ಕಡೆಯಿಂದ ಓದಿದರೂ ತಾವರೆ (3)’ ಎಂದಿದ್ದರೆ ಏಳರಲ್ಲಿ ಆರು ಬಿದ್ದುಹೋಗಿ ಜಲಜ ಒಂದೇ ಉಳಿಯುತ್ತದೆ.

ಕನ್ನಡದ್ದೇ ಆದ ಸಾಧನಗಳು ಇದಕ್ಕಿಂತ ಆಳವಾಗಿವೆ. ಇಂಗ್ಲಿಷಿನಲ್ಲಿ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟರೆ ಮೂರನೆಯದಾಗುತ್ತದೆ. ಕಾರ್ ಮತ್ತು ಪೆಟ್ ಸೇರಿ ಕಾರ್ಪೆಟ್. ಕನ್ನಡದಲ್ಲಿ ಪದಗಳು ಸೇರುವಾಗ ಸುಮ್ಮನಿರುವುದಿಲ್ಲ. ಕೆಂಪು ಮತ್ತು ತಾವರೆ ಸೇರಿ ಕೆಂದಾವರೆಯಾದಾಗ ತಕಾರ ದಕಾರವಾಗುತ್ತದೆ. ‘ಕಂಬನಿ’ಯನ್ನು ಒಡೆದವರಿಗೆ ಸಿಗುವುದು ಕಣ್ ಮತ್ತು ಪನಿ, ಇಂದಿನ ‘ಹನಿ’ಯಿಂದ ಹೊರಟರೆ ಆ ಪದವನ್ನು ತಲುಪಲಾಗದು. ‘ಕಣ್ಣಿಗೆ ಹಳೆಯ ಹನಿ ಸೇರಿತು, ದುಃಖದ ಗುರುತು (3)’ ಎಂಬ ಸುಳಿವು ಬಿಡಿಸುವವರಿಂದ ಪಕಾರ ಹಕಾರವಾದ ಇತಿಹಾಸವನ್ನೂ ಆದೇಶಸಂಧಿಯನ್ನೂ ಒಟ್ಟಿಗೆ ಕೇಳುತ್ತದೆ. ಹಳಗನ್ನಡದ ತರಗತಿಯಲ್ಲಿ ಒಂದು ಗಂಟೆ ಹಿಡಿಯುವ ಪಾಠವಿದು. ಇಲ್ಲಿ ಸುಳಿವು ನ್ಯಾಯವಾಗಿರಬೇಕಾದರೆ ಸಂಧಿಯ ಬದಲಾವಣೆಯನ್ನು ಸೂಚಿಸಬೇಕೆ, ಅಥವಾ ಅದು ಕನ್ನಡ ಬಲ್ಲವರಿಗೆ ತಿಳಿದೇ ಇರುವ ನಿಯಮವೆಂದು ಬಿಡಬೇಕೆ? ಬಿಡಬೇಕೆಂಬುದು ನನ್ನ ನಿಲುವು. ನಿಯಮಬದ್ಧವಾದ ಬದಲಾವಣೆಯನ್ನು ಮುಚ್ಚಿಟ್ಟರೆ ಅದು ಮೋಸವೆನಿಸದು.

ಚೌಕಕ್ಕೆ ಹೊಂದದ ಕನ್ನಡದ ಬಗ್ಗೆಯೂ ಹೇಳಬೇಕು, ನಿಜವಾದ ನಷ್ಟ ಇರುವುದು ಅಲ್ಲಿ. ಮಹಾಸತಿ ಎಂಬ ನಾಲ್ಕಕ್ಷರದ ಪದ ಜನರ ಬಾಯಲ್ಲಿ ಹಕಾರವನ್ನೂ ನಡುವಿನ ಸ್ವರವನ್ನೂ ಕಳೆದುಕೊಂಡು ಎರಡಕ್ಷರದ ಮಾಸ್ತಿಯಾಯಿತು. ಮಾಸ್ತಿಕಲ್ಲುಗಳಲ್ಲಿ ಆ ರೂಪ ಉಳಿದಿದೆ. ಇದೇ ಪ್ರಕ್ರಿಯೆ ಇಂದಿನ ತೆಂಕಣ ಆಡುಮಾತಿನಲ್ಲೂ ನಡೆಯುತ್ತಿದೆ. ‘ಹುಡುಗರು’ ಬರವಣಿಗೆಯಲ್ಲಿ ನಾಲ್ಕು ಚೌಕ, ಮಾತಿನಲ್ಲಿ ‘ಹುಡ್ಗ್ರು’, ಎರಡೇ ಚೌಕ. ಊರಿನ ಹೆಸರಾದುದರಿಂದ ಮೊದಲನೆಯದನ್ನು ಪದಬಂಧ ಒಪ್ಪಿಕೊಂಡಿದೆ, ಎರಡನೆಯದನ್ನು ಒಪ್ಪುವುದಿಲ್ಲ. ಮಹಾಪ್ರಾಣಗಳ ಸ್ಥಿತಿಯೂ ಹೀಗೆಯೇ. ಡಿ.ಎನ್. ಶಂಕರ ಭಟ್ಟರು ‘ಕನ್ನಡ ಬರಹವನ್ನು ಸರಿಪಡಿಸೋಣ’ ಪುಸ್ತಕದಲ್ಲಿ ಸೂಚಿಸಿದಂತೆ ಮಹಾಪ್ರಾಣಗಳನ್ನು ಕೈಬಿಟ್ಟರೆ ‘ಪದಬಂಧ’ ಎಂಬ ಹೆಸರೇ ‘ಪದಬಂದ’ವಾಗಿ, ‘ಬಂದ’ ಎಂಬ ಕ್ರಿಯಾಪದದೊಡನೆ ಹೊಸ ಶ್ಲೇಷೆ ಹುಟ್ಟುತ್ತದೆ. ಆ ಸಲಹೆಯನ್ನು ನಾನು ಪೂರ್ತಿ ಒಪ್ಪುವವನಲ್ಲ. ಆದರೆ ಬಾಯಲ್ಲಿ ಇಲ್ಲದ ಭೇದವನ್ನು ಚೌಕ ಪ್ರತಿದಿನ ಕೇಳುತ್ತಿದೆ ಎಂಬ ಅವರ ಮಾತಿನ ತಿರುಳನ್ನು ತಳ್ಳಿಹಾಕಲಾರೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯಲ್ಲಿ ಈ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ಇಲ್ಲಿ ಅನೇಕರ ಮನೆಮಾತು ತೆಲುಗು. ತಮಿಳು, ಉರ್ದು ಮನೆಗಳೂ ಕಡಿಮೆಯಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ಓದಿದ ಎಂ.ಎ. ಇಂಗ್ಲಿಷಿನದು. ಅವರ ಕತೆಗಳ ಕನ್ನಡವಾದರೋ ಸುತ್ತಮುತ್ತಲಿನವರು ಆಡುವಂಥ ತಿಳಿಗನ್ನಡ. ಈ ಸೀಮೆಯ ಓದುಗರು ಪತ್ರಿಕೆಯ ಪದಬಂಧದಲ್ಲಿ ಎದುರಾಗುವುದು ಮನೆಯದೂ ಅಲ್ಲದ, ಬೀದಿಯದೂ ಅಲ್ಲದ ಒಂದು ನಿಘಂಟಿನ ಕನ್ನಡಕ್ಕೆ. ಅವರು ನಿಜವಾಗಿ ಬಳಸುವ ಎರವಲು ಪದಗಳು ಚೌಕಕ್ಕೆ ಚೆನ್ನಾಗಿಯೇ ಹೊಂದುತ್ತವೆ. ಬಸ್ಸು, ಕಾರು, ಆಫೀಸು, ಸ್ಕೂಲು ಎಂದು ಕೊನೆಗೆ ಉಕಾರ ಸೇರಿಸುವ ಅಭ್ಯಾಸ ಕನ್ನಡಕ್ಕೂ ತೆಲುಗಿಗೂ ಸಮಾನವಾದದ್ದು. ಆ ಉಕಾರವೇ ‘ಸ್’, ‘ರ್’ಗಳನ್ನು ಪೂರ್ಣಾಕ್ಷರ ಮಾಡಿ ಚೌಕದಲ್ಲಿ ಕೂರಿಸುತ್ತದೆ. ಶಿಷ್ಟ ಬರವಣಿಗೆ ಮಾತ್ರ ಈಚೆಗೆ ‘ಬಸ್’, ‘ಆಫೀಸ್’ ಎಂದು ವ್ಯಂಜನಾಂತವಾಗಿ ಬರೆದು, ಹಳ್ಳಿಯ ಬಾಯಿ ಬಿಡಿಸಿಟ್ಟ ತೊಡಕನ್ನು ಮತ್ತೆ ಹುಟ್ಟುಹಾಕಿದೆ.

ಇಂಗ್ಲಿಷಿನೊಡನೆ ಈ ಸೀಮೆ ಆಡಿದ ಆಟಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಯಾವ ಪತ್ರಿಕೆಯದೂ ಅಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಜನರ ನಾಲಿಗೆಯಲ್ಲಿ ಬಂಗಾರಪೇಟೆಯಾಯಿತು. ಪಕ್ಕದಲ್ಲೇ ಚಿನ್ನದ ಗಣಿ. ಶಬ್ದಸಾಮ್ಯ ಅರ್ಧ, ಅರ್ಥಸಾಮ್ಯ ಅರ್ಧ, ಎರಡೂ ಸೇರಿ ಒಂದು ಊರು: ಕ್ಸಿಮೆನೀಸರ ನಿಯಮಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆಯನ್ನು ಅವರ ದೇಶದಲ್ಲೇ ಹುಡುಕಬೇಕಾದೀತು.

ಇಲ್ಲಿಂದ ಒಂದು ಪ್ರಸ್ತಾಪಕ್ಕೆ ಬರುತ್ತೇನೆ. ‘ಮಾಸ್ತಿ ಕನ್ನಡದ ಆಸ್ತಿ’ ಎಂಬ ಜನಪ್ರಿಯ ಮಾತನ್ನು ಗಮನಿಸಿ. ಮಾಸ್ತಿಯಿಂದ ಆಸ್ತಿಯನ್ನು ಪಡೆಯಬೇಕಾದರೆ ‘ಮಾ’ ಅಕ್ಷರದೊಳಗಿನ ಮಕಾರವನ್ನಷ್ಟೇ ಕಿತ್ತು ಆಕಾರವನ್ನು ಉಳಿಸಬೇಕು. ಪದಬಂಧದ ನಿಯಮದಲ್ಲಿ ಇದು ಅಸಾಧ್ಯ, ಚೌಕವನ್ನು ಒಡೆಯುವಂತಿಲ್ಲ. ಆದರೂ ಆ ಮಾತನ್ನು ಕೇಳಿದ ಎಲ್ಲರಿಗೂ ಅದರ ಸೊಗಸು ತಟ್ಟನೆ ತಿಳಿಯುತ್ತದೆ. ಅಂದರೆ ಕನ್ನಡಿಗರ ಕಿವಿಗೆ ಅಕ್ಷರದ ಒಳಗಿನ ಬಿರುಕು ಗೊತ್ತಿದೆ. ನಮ್ಮ ಛಂದಸ್ಸಿಗೆ ಇದು ಸಾವಿರ ವರ್ಷಗಳಿಂದ ಗೊತ್ತು. ಆದಿಪ್ರಾಸವೆಂದರೆ ಪಾದಗಳ ಎರಡನೆಯ ಅಕ್ಷರದಲ್ಲಿ ವ್ಯಂಜನ ಒಂದೇ ಆಗಿರಬೇಕು, ಸ್ವರ ಏನಾದರೂ ಆಗಬಹುದು. ಒಂದನೆಯ ನಾಗವರ್ಮನ ಛಂದೋಂಬುಧಿಯ ಕಾಲದಿಂದ ಪ್ರಾಸವನ್ನು ಸಿಂಹ, ಗಜ, ವೃಷಭ ಮುಂತಾಗಿ ಆರು ಬಗೆಯೆಂದು ವಿಂಗಡಿಸುವುದು ಪ್ರಾಸಾಕ್ಷರದ ಹಿಂದಿನ ಸ್ವರ ಹ್ರಸ್ವವೋ ದೀರ್ಘವೋ ಅನುಸ್ವಾರದೊಡನೆ ಇದೆಯೋ ಎಂಬಂಥ ಭೇದಗಳನ್ನು ನೋಡಿ. ಅಕ್ಷರವನ್ನು ಒಡೆಯದ ಪದಬಂಧವು ಅಕ್ಷರವನ್ನು ಒಡೆದು ನೋಡುತ್ತಿದ್ದ ಪರಂಪರೆಯ ನೆಲದಲ್ಲಿಯೇ ಬೆಳೆದಿದೆ.

ಹಾಗಿದ್ದರೆ ಪ್ರಾಸಸಂಧಾನದ ಪದಬಂಧವೊಂದನ್ನು ಏಕೆ ಕಟ್ಟಬಾರದು? ಅಡ್ಡಸಾಲು ಮತ್ತು ಕೆಳಸಾಲು ಕೂಡುವ ಚೌಕದಲ್ಲಿ ವ್ಯಂಜನ ಒಂದೇ ಆಗಿದ್ದರೆ ಸಾಕು, ಸ್ವರ ಬೇರೆಯಾಗಬಹುದು ಎಂಬುದು ಅದರ ನಿಯಮ. ಆಗ ಕಟ್ಟುವವರ ಕೈ ಸಡಿಲವಾಗುತ್ತದೆ, ‘ಳು’ವಿನ ಮೂಲೆಗಳನ್ನು ಬಿಟ್ಟರೆ ಉಳಿದೆಡೆ ಪದಗಳು ಹೆಚ್ಚು ಕೂಡುತ್ತವೆ. ಅದಕ್ಕೆ ತೆರಬೇಕಾದ ಬೆಲೆಯನ್ನೂ ಮರೆಮಾಚಬಾರದು. ಮೇಲಿನ ಏಳು ತಾವರೆಗಳನ್ನು ಮತ್ತೆ ನೋಡಿ. ನಡುವಿನ 'ರ' ಪೂರ್ಣಾಕ್ಷರವಾಗಿ ಸಿಕ್ಕರೆ ನೀರಜ ಒಂದೇ ಉಳಿಯುತ್ತದೆ. ರೇಫವಷ್ಟೇ ಸಿಕ್ಕರೆ ನೀರಜ, ಸರೋಜ, ವಾರಿಜ ಮೂರೂ ಉಳಿಯುತ್ತವೆ. ಚೌಕ ಬಿಟ್ಟುಕೊಟ್ಟ ಮಾಹಿತಿಯನ್ನು ಸುಳಿವು ತುಂಬಿಕೊಡಬೇಕು. ಹೀಗಾಗಿ ಇಂಥ ಪದಬಂಧದಲ್ಲಿ ಬರಿಯ ಸಮಾನಾರ್ಥಕದ ಸುಳಿವು ನಡೆಯುವುದೇ ಇಲ್ಲ. ಅಲ್ಲಿ ‘ಗಜಪ್ರಾಸದ ತಾವರೆ’ ಎಂದರೆ ನೀರಜ, ವಾರಿಜ ಎರಡೇ ನಿಲ್ಲುತ್ತವೆ. ‘ಸಿಂಹಪ್ರಾಸದ ತಾವರೆ’ ಎಂದರೆ ಸರೋಜ. ಛಂದಸ್ಸಿನ ತರಗತಿಯ ಹೊರಗೆ ಈ ಸುಳಿವನ್ನು ಯಾರು ಬಿಡಿಸಿಯಾರು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ‘ನೀರಜ’ ಎಂಬ ಪದವೂ ಅಷ್ಟೇ ಓದಿನ ಪದ. ಮೊದಲ ಪ್ರಯೋಗವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ಮೇಲೆಯೇ ನಡೆಸಬಹುದು. ಒಂದೇ ಪದಪಟ್ಟಿಯಿಂದ ಎರಡು ಪದಬಂಧಗಳನ್ನು ಕಟ್ಟಬೇಕು, ಒಂದರಲ್ಲಿ ಪೂರ್ಣಾಕ್ಷರದ ಸಂಧಾನ, ಇನ್ನೊಂದರಲ್ಲಿ ವ್ಯಂಜನದ ಸಂಧಾನ. ಬಿಡಿಸಲು ಹಿಡಿದ ಸಮಯದ ಜೊತೆಗೆ, ಯಾವ ಚೌಕದಲ್ಲಿ ಮೊದಲು ತಪ್ಪಿದರೆಂಬುದನ್ನೂ ಬರೆದಿಟ್ಟುಕೊಳ್ಳಬೇಕು. ತೆಲುಗು ಮನೆಮಾತಿನವರೂ ಕನ್ನಡ ಮನೆಮಾತಿನವರೂ ಒಂದೇ ಬೆಂಚಿನಲ್ಲಿ ಕೂರುವ ಕೋಲಾರದ ಕಾಲೇಜುಗಳು ಇದಕ್ಕೆ ತಕ್ಕ ಜಾಗ.